ಪಾಲಿಗೆ ಬಂದ ಗೋದಲಿ

ನಮ್ಮ ಕುಲಶೇಖರದಲ್ಲಿ ಡಿಸೆಂಬರ್ ತಿಂಗಳು ಬಂದುದನ್ನು ಕಣ್ಣಿಗಿಂತ ಮೊದಲು ಮೂಗು ತಿಳಿಯುತ್ತದೆ. ಚೌಕಿಯಿಂದ ಇಗರ್ಜಿಯತ್ತ ನಡೆಯುವವನು ಯಾವ ಮನೆಯ ಬಾಣಲೆಯಲ್ಲಿ ಏನು ಬೇಯುತ್ತಿದೆಯೆಂದು ಹೇಳಬಲ್ಲ. ಹೇಳಬಲ್ಲವನಾಗಿದ್ದ ಎನ್ನುವುದೇ ಹೆಚ್ಚು ಸರಿ. ಈಗ ಅನೇಕ ಮನೆಗಳಿಗೆ ಕುಸ್ವಾರ್ ಬೇಕರಿಯ ಪೆಟ್ಟಿಗೆಯಲ್ಲಿ ಬರುತ್ತದೆ. ಪೆಟ್ಟಿಗೆಗೆ ವಾಸನೆಯಿಲ್ಲ.

ಘಟ್ಟದ ಮೇಲಿನ ಓದುಗರಿಗೆ ಒಂದು ಮಾತು. ಕುಸ್ವಾರ್ ಎಂದರೆ ಮಂಗಳೂರಿನ ಕ್ರೈಸ್ತರು ಕ್ರಿಸ್‌ಮಸ್ಸಿಗೆ ಮಾಡುವ ತಿಂಡಿಗಳ ಒಟ್ಟು ಹೆಸರು. ಬಾಚಣಿಗೆಯ ಮೇಲೆ ಹಿಟ್ಟನ್ನೊತ್ತಿ ಸುರುಳಿ ಮಾಡಿ ಕರಿದು ಸಕ್ಕರೆಪಾಕದಲ್ಲಿ ಹೊರಳಿಸಿದರೆ ಕಿಡಿಯೊ. ಹೂರಣ ತುಂಬಿ ಮಡಿಸಿದರೆ ನೆವ್ರಿಯೊ. ಹೂವಿನಾಕಾರದ ಅಚ್ಚಿನಲ್ಲಿ ಅರಳಿದರೆ ಕೊಕ್ಕಿಸಾಂ. ಈ ಕೊಕ್ಕಿಸಾಂ ಬಹಳ ಅಭಿಮಾನದ ತಿಂಡಿ. ಅಚ್ಚು ಎಣ್ಣೆಯಲ್ಲಿ ಚೆನ್ನಾಗಿ ಕಾಯದಿದ್ದರೆ ಹಿಟ್ಟು ಅದನ್ನು ಹಿಡಿಯುವುದಿಲ್ಲ. ಅಚ್ಚು ಹೊಸದಾದರೆ ಹಿಡಿದದ್ದನ್ನು ಬಿಡುವುದಿಲ್ಲ. ಎಷ್ಟೋ ವರ್ಷ ಎಣ್ಣೆ ಕುಡಿದ ಅಚ್ಚೇ ಆಗಬೇಕು. ಆದುದರಿಂದ ಅದು ಅತ್ತೆಯಿಂದ ಸೊಸೆಗೆ ಇಳಿದು ಬರುವ ಆಸ್ತಿ.

ಆಸ್ತಿ ಎಂದೆನಲ್ಲ, ವಿಷಯ ಅದೇ. ಐದು ವರ್ಷಗಳ ಹಿಂದೆ ಅಪ್ಪ ತೀರಿಕೊಂಡ ಮೇಲೆ ನಾನೂ ನನ್ನ ತಮ್ಮನೂ ಪಾಲಾದೆವು. ಜಾಗ ಹೇಗೋ ಇಬ್ಭಾಗವಾಯಿತು. ಬಾವಿ ಮಾತ್ರ ಗಡಿಯ ಮೇಲೆಯೇ ಕುಳಿತು ಇಬ್ಬರನ್ನೂ ಅಣಕಿಸಿತು. ಮಾತಿಗೆ ಮಾತು ಬೆಳೆಯಿತು. ನಾನು ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಾದ್ದರಿಂದ ನನ್ನ ಮಾತುಗಳೇ ಹೆಚ್ಚು ಹರಿತವಾಗಿದ್ದವೆಂದು ಈಗ ತೋರುತ್ತದೆ. ಕೊನೆಗೆ ಇಬ್ಬರೂ ಕೋರ್ಟಿನ ಮೆಟ್ಟಿಲು ಹತ್ತಿದೆವು.

ಪಾತ್ರೆ ಪರಡಿಗಳು ಹಂಚಿಹೋದ ದಿನ ಅಪ್ಪನ ಗೋದಲಿಯ ಗೊಂಬೆಗಳೂ ಹಂಚಿಹೋದವು. ಬಾಲ ಯೇಸು, ಮರಿಯಮ್ಮ, ಜೋಸೆಫರು, ಒಂದು ಹಸು ನನ್ನ ಪಾಲಿಗೆ. ಮೂವರು ರಾಯರು, ಒಂಟೆ, ಕುರಿಗಳು ತಮ್ಮನ ಪಾಲಿಗೆ. ಕೊಕ್ಕಿಸಾಂ ಅಚ್ಚು ನನಗೆ, ದೊಡ್ಡ ಬಾಣಲೆ ಅವನಿಗೆ. 1223ರಲ್ಲಿ ಗ್ರೆಚ್ಚೊ ಎಂಬ ಊರಿನಲ್ಲಿ ಜೀವಂತ ಹಸು ಕತ್ತೆಗಳನ್ನು ನಿಲ್ಲಿಸಿ ಗೋದಲಿಯನ್ನು ತೋರಿಸಿದ ಅಸ್ಸಿಸಿಯ ಸಂತ ಫ್ರಾನ್ಸಿಸರು ತಂದೆಯ ಆಸ್ತಿಯನ್ನೇ ಬಿಟ್ಟು ಹೊರಟವರು. ಅವರ ಹೆಸರಿನ ಪದ್ಧತಿಯನ್ನು ನಾವು ಹೀಗೆ ಪಾಲು ಮಾಡಿದೆವು! ಕಿಟ್ಟೆಲರ ನಿಘಂಟು ಹೊರಬಂದುದು 1894ರಲ್ಲಿ. ಪಾಲು ಎಂಬ ಶಬ್ದವನ್ನು ತರಗತಿಯಲ್ಲಿ ಬಿಡಿಸಿ ಹೇಳುವಾಗ ನಾನು ಆ ನಿಘಂಟನ್ನು ಹೊಗಳುತ್ತೇನೆ. ಹಳಗನ್ನಡದ ಪಾಲ್ ಎಂದರೆ ಭಾಗವೂ ಹೌದು, ಹಾಲೂ ಹೌದು. ಇದನ್ನು ಇಪ್ಪತ್ತು ವರ್ಷ ಹೇಳಿದ್ದೇನೆ, ಒಮ್ಮೆಯೂ ನನಗೆ ಹೇಳಿಕೊಂಡಿರಲಿಲ್ಲ.

ಕಳೆದ ಡಿಸೆಂಬರಿನ ಮಾತು. ಪಾಪನಿವೇದನೆಗೆಂದು 1873ರಲ್ಲಿ ಕಟ್ಟಿದ ನಮ್ಮ ಹೋಲಿ ಕ್ರಾಸ್ ಇಗರ್ಜಿಗೆ ಹೋಗಿದ್ದೆ. ಸಾಲು ಉದ್ದವಿತ್ತು. ನಾಲ್ಕು ಜನರ ಮುಂದೆ ತಮ್ಮ ನಿಂತಿದ್ದ. ಅವನು ಒಳಗೆ ಏನು ಹೇಳಿದನೋ ದೇವರಿಗೆ ಗೊತ್ತು. ನಾನಂತೂ ಬಾವಿಯ ಸುದ್ದಿಯೆತ್ತದೆ, ಕೋಪ ಬರುತ್ತದೆ, ಸುಳ್ಳು ಹೇಳುತ್ತೇನೆ ಎಂದು ಹಳೆಯ ಪಟ್ಟಿಯನ್ನೇ ಒಪ್ಪಿಸಿ ಬಂದೆ. ಬಲಿಪೀಠಕ್ಕೆ ಕಾಣಿಕೆ ತಂದವನಿಗೆ ಸೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನಲ್ಲೇ ಇಟ್ಟು ಮೊದಲು ಅವನೊಡನೆ ರಾಜಿಯಾಗಬೇಕೆಂದು ಮತ್ತಾಯನ ಸುವಾರ್ತೆಯಲ್ಲಿದೆ. ಇದು ನನಗೆ ಬಾಯಿಪಾಠ.

ಮನೆಗೆ ಬಂದಾಗ ಅಮ್ಮ ತಟ್ಟೆಗಳನ್ನು ಜೋಡಿಸುತ್ತಿದ್ದರು. ಮೊದಲ ತಟ್ಟೆ ವೀರನಾರಾಯಣ ದೇವಸ್ಥಾನದ ಕಡೆಯ ನೆರೆಯವರಿಗೆ. ದೀಪಾವಳಿಗೆ ಅಲ್ಲಿಂದ ಚಕ್ಕುಲಿ ಬಂದಿತ್ತು. ಹೀಗೆ ಹದಿನಾಲ್ಕು ಹೊರಟುಹೋದವು. ಹದಿನೈದನೆಯದು ಕಸೂತಿಯ ಬಟ್ಟೆ ಹೊದ್ದು ಮೇಜಿನ ಮೇಲೆಯೇ ಉಳಿಯಿತು.

"ಇದು ಯಾರಿಗೆ?" ಎಂದೆ.

"ಯಾರಿಗೂ ಇಲ್ಲ. ಪ್ರತಿ ವರ್ಷ ಇಡುತ್ತೇನೆ. ಮೂರು ರಾಯರ ಹಬ್ಬ ಕಳೆದ ಮೇಲೆ ಕೆಲಸದವಳಿಗೆ ಕೊಡುತ್ತೇನೆ" ಎಂದರು. ದೂರಿನ ಧ್ವನಿಯೇನೂ ಅದರಲ್ಲಿರಲಿಲ್ಲ.

ನಾಲ್ಕು ಕ್ರಿಸ್‌ಮಸ್ ಆ ತಟ್ಟೆ ಅಲ್ಲಿ ಕುಳಿತಿತ್ತು, ನಾನು ನೋಡಿರಲಿಲ್ಲ. ಗೋದಲಿಗೆ ಬಣ್ಣದ ದೀಪ ಕಟ್ಟುವ ಗಡಿಬಿಡಿ, ನಕ್ಷತ್ರವನ್ನು ನೆರೆಯವರದಕ್ಕಿಂತ ಎತ್ತರದಲ್ಲಿ ತೂಗಿಸುವ ಗಡಿಬಿಡಿ, ಮೊಬೈಲಿನಲ್ಲಿ ನೂರಾರು ಜನಕ್ಕೆ ಶಾಂತಿ ಸಮಾಧಾನಗಳನ್ನು ಹಾರೈಸುವ ಗಡಿಬಿಡಿ.

ತಟ್ಟೆಯನ್ನೆತ್ತಿಕೊಂಡು ಹೊರಟೆ. ನಡುವೆ ಇರುವುದು ಮೂವತ್ತು ಹೆಜ್ಜೆ. ಗೋಡೆ ಬಂದ ಮೇಲೆ ರಸ್ತೆಗೆ ಇಳಿದು ಸುತ್ತಿ ಹೋಗಬೇಕು. ದಾರಿಯುದ್ದಕ್ಕೂ, ತಮ್ಮ ಬಾಗಿಲಲ್ಲೇ ನಿಂತು ಬೇಡ ಎಂದರೆ ಈ ತಟ್ಟೆಯನ್ನು ಹಿಡಿದು ಹೇಗೆ ಹಿಂದಿರುಗಲಿ ಎಂಬ ಚಿಂತೆ. ನಾಚಿಕೆಗಿಂತ ಜಂಬವೇ ಹೆಚ್ಚು ನೋಯುತ್ತಿತ್ತು.

ತಮ್ಮ ಮನೆಯಲ್ಲಿರಲಿಲ್ಲ. ಬಾಗಿಲು ತೆರೆದವಳು ಅವನ ಮಗಳು. "ಬಾಪ್ಪು!" ಎಂದು ಕೂಗಿ ಒಳಗೆ ಓಡಿದಳು. ಅವಳು ಇಷ್ಟು ಎತ್ತರವಾಗಿದ್ದಳೆಂದು ನನಗೆ ತಿಳಿದಿರಲಿಲ್ಲ. ಜಗಲಿಯ ಮೂಲೆಯ ಗೋದಲಿಯಲ್ಲಿ ನಮ್ಮ ಮೂವರು ರಾಯರು, ಎಲ್ಲಿಂದಲೋ ಕೊಂಡು ತಂದ ಪ್ಲಾಸ್ಟಿಕ್ಕಿನ ಬಾಲ ಯೇಸುವಿನ ಮುಂದೆ ಮೊಣಕಾಲೂರಿದ್ದರು. ತಮ್ಮನ ಹೆಂಡತಿ ಬಂದು ತಟ್ಟೆಯನ್ನು ತೆಗೆದುಕೊಂಡಳು. ಕೊಕ್ಕಿಸಾಂ ಒಂದನ್ನು ಎತ್ತಿ ನೋಡಿ, "ಅದೇ ಅಚ್ಚು" ಎಂದಳು. ನಾನು ಹೂಂ ಎಂದೆ. ಬೇರೆ ಮಾತು ನಡೆಯಲಿಲ್ಲ. ಹೊರಡಲು ತಿರುಗಿದಾಗ "ನಿಲ್ಲಿ, ಬರಿಯ ತಟ್ಟೆ ಕೊಡಬಾರದು" ಎಂದು ಒಳಗೆ ಹೋದಳು. ಆ ವರ್ಷ ಅವರು ಏನನ್ನೂ ಕರಿದಿರಲಿಲ್ಲವೆಂದು ಕಾಣುತ್ತದೆ. ತಟ್ಟೆಯಲ್ಲಿ ಒಂದು ಹಿಡಿ ಸಕ್ಕರೆ ಹಾಕಿ ತಂದಳು.

ಬಾವಿಯ ವ್ಯಾಜ್ಯ ಇನ್ನೂ ತೀರಿಲ್ಲ. ಮಧ್ಯರಾತ್ರಿಯ ಬಲಿಪೂಜೆಯಲ್ಲಿ ತಮ್ಮ ದೂರದ ಬೆಂಚಿನಲ್ಲಿ ಕುಳಿತಿದ್ದ. ನನ್ನ ಕಡೆಗೆ ನೋಡಿದನೆಂದು ಅಮ್ಮ ಹೇಳುತ್ತಾರೆ, ನನಗೆ ಖಚಿತವಿಲ್ಲ.

ಅಮ್ಮನಿಗೆ ಸಕ್ಕರೆ ಕಾಯಿಲೆ. ಹಬ್ಬದ ಬೆಳಗ್ಗೆ ಕಾಫಿಗೆ ಆ ತಟ್ಟೆಯ ಸಕ್ಕರೆಯನ್ನೇ ಒಂದು ಚಮಚ ಹಾಕಿಸಿಕೊಂಡರು. ಯಾರೂ ಬೇಡವೆನ್ನಲಿಲ್ಲ.