ನಡುವೆ ಉಳಿದ ಐದು ದಿನಗಳು

ಈ ಬರಹವನ್ನು ಮುಂದೆ ಓದುವ ಮೊದಲು ತಾವು ಒಮ್ಮೆ ಎದ್ದು, ಅಂಗಳದಲ್ಲಿ ನಿಂತಿರುವ ಕಾರಿನದೋ ಸ್ಕೂಟರಿನದೋ ವಿಮಾ ಪತ್ರವನ್ನು ಕಪಾಟಿನಿಂದ ತೆಗೆದು, ಅದರ ಕೊನೆಯ ದಿನಾಂಕವನ್ನು ನೋಡಿ ಬರಬೇಕೆಂದು ಕೇಳಿಕೊಳ್ಳುವ ಆಸೆ ನನಗಿದೆ. ಬಹುಪಾಲು ಮಂದಿ ಏಳಲಾರಿರಿ ಎಂಬುದೂ ಗೊತ್ತು. ನಾನೂ ಎದ್ದವನಲ್ಲ.

2017ರ ಜುಲೈ ತಿಂಗಳಲ್ಲಿ ನನ್ನ ಅಣ್ಣಂದಿರಿಬ್ಬರು ಸೇರಿ ನನಗೊಂದು ಮಾರುತಿ ಆಲ್ಟೊ 800 ಕಾರನ್ನು ಕೊಡಿಸಿದರು. ಅಂದಿನಿಂದ ಪ್ರತಿ ವರ್ಷ ಜುಲೈ 11ರ ಮಧ್ಯರಾತ್ರಿ ಅದರ ವಿಮೆ ಮುಗಿಯುವುದು, ಮರುಕ್ಷಣದಿಂದ ಹೊಸದು ಆರಂಭವಾಗುವುದು ನಡೆದುಬಂದಿತ್ತು. ನಡೆಸಿಕೊಂಡು ಬಂದವನು ನಾನಲ್ಲ. ನನ್ನ ಹಿಂದಿನ ಧರ್ಮಕೇಂದ್ರದಲ್ಲಿ ವಿಮಾ ಏಜೆಂಟರೊಬ್ಬರಿದ್ದರು. ಜುಲೈ ಮೊದಲ ವಾರದ ಭಾನುವಾರ, ಬಲಿಪೂಜೆ ಮುಗಿಸಿ ಹೊರಬರುವಾಗಲೇ ಅವರು ಕಾಗದ ಹಿಡಿದು ನಿಂತಿರುತ್ತಿದ್ದರು. ನಾನು ಓದದೆ ಸಹಿ ಹಾಕುತ್ತಿದ್ದೆ. ಕಾಗದದಲ್ಲಿ ಏನಿದೆಯೆಂದು ಆರು ವರ್ಷಗಳಲ್ಲಿ ಒಮ್ಮೆಯೂ ನೋಡಿರಲಿಲ್ಲ.

2023ರ ಮೇ ತಿಂಗಳಲ್ಲಿ ನನಗೆ ಮಲೆನಾಡಿನ ಧರ್ಮಕೇಂದ್ರವೊಂದಕ್ಕೆ ವರ್ಗವಾಯಿತು. ಇಲ್ಲಿನ ಗುಡ್ಡಗಳ ನಡುವೆ ನನ್ನ ಹಳೆಯ ಮೊಬೈಲ್ ಸಂಖ್ಯೆಗೆ ಸಂಪರ್ಕ ಸಿಗುತ್ತಿರಲಿಲ್ಲವಾದ್ದರಿಂದ ಹೊಸ ಸಿಮ್ ಕೊಂಡೆ. ಬಂಧುಮಿತ್ರರಿಗೆಲ್ಲ ಹೊಸ ಸಂಖ್ಯೆಯನ್ನು ತಿಳಿಸಿದೆ. ವಿಮಾ ಕಂಪನಿಗೆ ತಿಳಿಸಬೇಕೆಂದು ತೋಚಲಿಲ್ಲ. ನೆನಪಿಸುವ ಸಂದೇಶಗಳು ಹಳೆಯ ಸಂಖ್ಯೆಗೆ ಬಂದವು. ಏಜೆಂಟರ ಕರೆಗಳೂ ಅಲ್ಲಿಗೇ ಹೋದವು. ಆ ಸಿಮ್ ನನ್ನ ಮೇಜಿನ ಡ್ರಾಯರಿನಲ್ಲಿ ಗುಂಡುಸೂಜಿಗಳ ಜೊತೆಗಿತ್ತು.

ಜುಲೈ 11, ಮಂಗಳವಾರ. ಮಧ್ಯರಾತ್ರಿ ವಿಮೆ ಮುಗಿದಾಗ ನಾನು ಗಾಢ ನಿದ್ರೆಯಲ್ಲಿದ್ದೆ. ದೀಪದ ಎಣ್ಣೆ ಮುಗಿಸಿಕೊಂಡ ಕನ್ಯೆಯರ ಸಾಮತಿಯನ್ನು ಕುರಿತು ಇಪ್ಪತ್ತೈದಕ್ಕೂ ಹೆಚ್ಚು ವರ್ಷ ಪ್ರಬೋಧನೆ ಮಾಡಿದವನ ಪಾಡು ಇದು.

ಗುರುವಾರ ಬೆಳಗಿನ ಜಾವ ತೋಟದ ಲೈನಿನಿಂದ ಕರೆ ಬಂತು. ವೃದ್ಧರೊಬ್ಬರಿಗೆ ಎದೆನೋವು, ಮಂಗಳೂರಿಗೆ ಕರೆದೊಯ್ಯಬೇಕು, ಬಾಡಿಗೆ ಜೀಪು ಸಿಗುತ್ತಿಲ್ಲ. ನಾನೇ ಹೊರಟೆ. ಜುಲೈ ತಿಂಗಳ ಚಾರ್ಮಾಡಿ ಘಾಟಿಯನ್ನು ಬಲ್ಲವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ಕೊಟ್ಟಿಗೆಹಾರ ದಾಟಿದೊಡನೆ ಮಂಜು ರಸ್ತೆಯನ್ನೇ ನುಂಗಿಬಿಡುತ್ತದೆ. ಎದುರಿನ ವಾಹನದ ದೀಪ ಕಣ್ಣಿಗೆ ಬೀಳುವ ವೇಳೆಗೆ ಆ ವಾಹನ ಪಕ್ಕದಲ್ಲೇ ಇರುತ್ತದೆ. ಇಷ್ಟಾದರೂ ಹೋಗುವಾಗ ಏನೂ ಆಗಲಿಲ್ಲ. ವೃದ್ಧರನ್ನು ಆಸ್ಪತ್ರೆಗೆ ಸೇರಿಸಿ, ಮಗನನ್ನು ಅವರ ಬಳಿ ಬಿಟ್ಟು, ಸಂಜೆ ಒಬ್ಬನೇ ಹಿಂದಿರುಗಿದೆ.

ಬಂಟ್ವಾಳ ದಾಟಿ ಗುರುವಾಯನಕೆರೆಯ ಕಡೆಗೆ ಬರುತ್ತಿದ್ದೆ. ಕತ್ತಲಾಗುತ್ತಿತ್ತು, ಮಳೆ ಸುರಿಯುತ್ತಿತ್ತು. ಎದುರಿನಿಂದ ಬಂದ ಲಾರಿಯ ದೀಪದ ಬೆಳಕಿಗೆ ಕಣ್ಣು ಕತ್ತಲಿಟ್ಟು, ನಾನು ಕಾರನ್ನು ಎಡಕ್ಕೆ ತಿರುಗಿಸಿದೆ. ಆ ಅಂಚಿನಲ್ಲಿ ಒಬ್ಬ ಮನುಷ್ಯ ಕೊಡೆ ಹಿಡಿದು ನಡೆದುಹೋಗುತ್ತಿದ್ದ. ಬ್ರೇಕ್ ಒತ್ತಿದೆ. ಕಾರು ನಿಲ್ಲದೆ ಜಾರಿತು. ಎಡಗನ್ನಡಿ ಅವನ ಕೊಡೆಗೆ ತಗಲಿ ಅದನ್ನು ಕಸಿದುಕೊಂಡು ಹೋಯಿತು. ಬಂಪರಿನ ಮೂಲೆ ರಸ್ತೆಯಂಚಿನ ಕಲ್ಲಿಗೆ ಬಡಿದು ಕಾರು ನಿಂತಿತು.

ಇಳಿದು ಓಡಿದೆ. ಅವನಿಗೆ ಏನೂ ಆಗಿರಲಿಲ್ಲ. ನನ್ನ ಕೈಗಳು ನಡುಗುತ್ತಿದ್ದುದನ್ನು ಕಂಡು ಅವನೇ ನನ್ನ ಭುಜ ತಟ್ಟಿ ತುಳುವಿನಲ್ಲಿ ಸಮಾಧಾನ ಹೇಳಿದ. ಕೊಡೆಗೆಂದು ಇನ್ನೂರು ರೂಪಾಯಿ ಕೊಡಹೋದರೆ ನೂರನ್ನು ಮಾತ್ರ ತೆಗೆದುಕೊಂಡ. ಕಡ್ಡಿ ಮಾತ್ರ ಮುರಿದಿದೆ, ಬಟ್ಟೆ ಚೆನ್ನಾಗಿಯೇ ಇದೆ ಎಂಬುದು ಅವನ ಲೆಕ್ಕ. ದೇವರಿಗೆ ವಂದನೆ ಸಲ್ಲಿಸಿ ಘಾಟಿ ಹತ್ತಿದೆ. ರಾತ್ರಿ ಊಟ ಮಾಡಿ ಮಲಗಿದೆ, ನಿದ್ರೆಯೂ ಬಂತು.

ಶನಿವಾರ ಸಂಜೆ ಗಾಯನವೃಂದದ ಅಭ್ಯಾಸ ಮುಗಿಸಿದ ಯುವಕರು ಗುರುಮನೆಯ ಜಗಲಿಯಲ್ಲಿ ಮಳೆ ನಿಲ್ಲಲೆಂದು ಕುಳಿತಿದ್ದರು. ಮೊಬೈಲಿನಲ್ಲಿ ಎಂ-ಪರಿವಾಹನ್ ಎಂಬ ಸರಕಾರಿ ಆ್ಯಪ್ ಇದೆಯಲ್ಲ, ಅದರಲ್ಲಿ ಕಂಡಕಂಡ ವಾಹನಗಳ ಸಂಖ್ಯೆಯನ್ನು ಒತ್ತಿ ನೋಡುವುದು ಅವರ ಆಟ. ನನ್ನ ಕಾರಿನ ಸಂಖ್ಯೆಯನ್ನೂ ಒತ್ತಿದರು. "ಫಾದರ್, ನಿಮ್ಮ ಇನ್ಶೂರೆನ್ಸ್ ಮಂಗಳವಾರವೇ ಮುಗಿದಿದೆ" ಎಂದ ಒಬ್ಬ.

"ಅದಕ್ಕೇನು, ಒಂದು ತಿಂಗಳ ಗಡುವು ಇರುತ್ತದೆ" ಎಂದೆ ನಾನು, ಬಲ್ಲವನಂತೆ. ನನ್ನ ತಾಯಿಯ ಜೀವವಿಮೆಯ ಕಂತನ್ನು ಕಟ್ಟುತ್ತಿದ್ದ ಕಾಲದ ನೆನಪು ಅದು. ಈ ತಪ್ಪು ತಿಳಿವಳಿಕೆ ತಮ್ಮಲ್ಲೂ ಹಲವರಿಗೆ ಇರಬಹುದಾದ್ದರಿಂದ ತುಸು ಬಿಡಿಸಿ ಹೇಳುತ್ತೇನೆ. ಜೀವವಿಮೆಯ ವಾರ್ಷಿಕ ಕಂತಿಗೆ 30 ದಿನಗಳ ರಿಯಾಯಿತಿ ಅವಧಿಯುಂಟು. ವಾಹನದ ವಿಮೆಗೆ ಅಂತಹ ಒಂದು ದಿನವೂ ಇಲ್ಲ. 90 ದಿನಗಳೆಂದು ಜನರು ಹೇಳುವುದುಂಟು. ಅದು ಬೇರೆಯೇ ಲೆಕ್ಕ. ಪರಿಹಾರ ಕೇಳದೆ ವರ್ಷಗಳನ್ನು ಕಳೆದವರಿಗೆ ಸ್ವಂತ ವಾಹನದ ಹಾನಿಯ ಕಂತಿನಲ್ಲಿ ಕೊಡುವ ಬೋನಸ್ ಮೊದಲ ವರ್ಷ ಶೇಕಡಾ 20ರಿಂದ ಆರಂಭವಾಗಿ ಐದು ವರ್ಷಗಳಲ್ಲಿ ಶೇಕಡಾ 50ಕ್ಕೆ ಏರುತ್ತದೆ. ವಿಮೆ ಮುಗಿದು 90 ದಿನಗಳೊಳಗೆ ನವೀಕರಿಸಿದರೆ ಆ ಬೋನಸ್ ಉಳಿಯುತ್ತದೆ, ಅಷ್ಟೇ. ನಡುವಿನ ದಿನಗಳಿಗೆ ರಕ್ಷಣೆ ಇರುವುದಿಲ್ಲ. ಹಣ ಮುಂಗಡವಾಗಿ ಕೈಸೇರದೆ ವಿಮಾ ಕಂಪನಿ ಯಾವ ಹೊಣೆಯನ್ನೂ ಹೊರಬಾರದೆಂದು 1938ರ ವಿಮಾ ಕಾಯಿದೆಯ 64 ವಿ.ಬಿ. ಕಲಮು ಹೇಳುತ್ತದೆ.

ದಿನಗಳಷ್ಟೇ ಏಕೆ, ಗಂಟೆಗಳಿಗಾಗಿಯೂ ನಮ್ಮ ದೇಶದಲ್ಲಿ ವ್ಯಾಜ್ಯಗಳು ನಡೆದಿವೆ. ಅಪಘಾತವಾದ ದಿನವೇ ವಿಮೆ ಮಾಡಿಸಿದ್ದರೆ ಅದು ಆ ದಿನದ ಆರಂಭದಿಂದಲೇ ಜಾರಿಯಲ್ಲಿರುತ್ತದೆಂದು ಸರ್ವೋಚ್ಚ ನ್ಯಾಯಾಲಯ 1990ರಲ್ಲಿ ತೀರ್ಪಿತ್ತಿತು. ಆದರೆ ಪತ್ರದಲ್ಲಿ ಇಂಥ ಗಂಟೆಯಿಂದ ಎಂದು ಬರೆದಿದ್ದರೆ ಆ ಗಂಟೆಯಿಂದಲೇ ಎಂದು 1997ರಲ್ಲಿ ಹೇಳಿತು. ವಿಮಾ ಪತ್ರದಲ್ಲಿ ದಿನಾಂಕದ ಜೊತೆಗೆ ವೇಳೆಯನ್ನೂ ಮುದ್ರಿಸುವುದು ಏಕೆಂದು ನನಗೆ ಅರ್ಥವಾದದ್ದು ಇದನ್ನು ಓದಿದ ಮೇಲೆ.

ಆ ಶನಿವಾರ ರಾತ್ರಿ ಗಾಳಿಮಳೆಗೆ ವಿದ್ಯುತ್ತು ಹೋಗಿತ್ತು, ಫೋನಿನ ಸಂಪರ್ಕವೂ ಕಡಿದಿತ್ತು. ಹಣ ಕಟ್ಟುವ ದಾರಿಯಿರಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ನಾನು ಆರು ವರ್ಷಗಳ ಬಳಿಕ ನನ್ನ ವಿಮಾ ಪತ್ರವನ್ನು ಓದಿದೆ. ಮೊದಲು ನೆನಪಾದದ್ದು ದಂಡ. 1988ರ ಮೋಟಾರು ವಾಹನ ಕಾಯಿದೆಗೆ 2019ರಲ್ಲಿ ಆದ ತಿದ್ದುಪಡಿಯಂತೆ ವಿಮೆಯಿಲ್ಲದೆ ವಾಹನ ಓಡಿಸಿದರೆ ಮೊದಲ ಸಲ 2,000 ರೂಪಾಯಿ ದಂಡ ಅಥವಾ ಮೂರು ತಿಂಗಳವರೆಗಿನ ಸೆರೆವಾಸ, ಅಥವಾ ಎರಡೂ. ಪಾದ್ರಿಯ ಕಾರನ್ನು ಯಾರು ತಡೆಯುತ್ತಾರೆ ಎಂಬ ಹುಂಬ ಧೈರ್ಯವೂ ಒಳಗೆಲ್ಲೋ ಇತ್ತೆಂದು ಒಪ್ಪಿಕೊಳ್ಳುತ್ತೇನೆ.

ಪತ್ರದಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಮಾತೊಂದಿತ್ತು: ಥರ್ಡ್ ಪಾರ್ಟಿ, ಅಂದರೆ ಮೂರನೆಯ ವ್ಯಕ್ತಿ. ಈ ಒಪ್ಪಂದದಲ್ಲಿ ಮೊದಲನೆಯವನು ನಾನು. ಎರಡನೆಯದು ಕಂಪನಿ. ಮೂರನೆಯವನು ಯಾರು? ಗುರುವಾಯನಕೆರೆಯ ದಾರಿಯಲ್ಲಿ ಕೊಡೆ ಹಿಡಿದು ನಡೆಯುತ್ತಿದ್ದವನು. ಅವನು ಸಹಿ ಹಾಕಿಲ್ಲ, ಕಂತು ಕಟ್ಟಿಲ್ಲ, ನನ್ನನ್ನು ಅರಿಯನು. ನನ್ನ ಕಾರಿನ ಡೊಂಕು ತಗ್ಗಿಗೆ ವಿಮೆ ಮಾಡಿಸಲೇಬೇಕೆಂದು ಕಾನೂನು ಎಲ್ಲೂ ಹೇಳುವುದಿಲ್ಲ; ಅದು ನನ್ನ ಇಷ್ಟ. ಕಾನೂನು ಕಡ್ಡಾಯ ಮಾಡಿರುವುದು ಆ ಮೂರನೆಯವನ ವಿಮೆಯನ್ನು ಮಾತ್ರ. ಸಾವಿಗೆ ಅಥವಾ ದೇಹದ ಗಾಯಕ್ಕೆ ನ್ಯಾಯಾಧಿಕರಣ ಎಷ್ಟೇ ಪರಿಹಾರ ವಿಧಿಸಲಿ, ವಿಮೆಯಿದ್ದರೆ ಕಂಪನಿ ಕೊಡುತ್ತದೆ. ಇಲ್ಲದಿದ್ದರೆ ವಾಹನದ ಒಡೆಯ ಕೊಡಬೇಕು. ನನ್ನಂತಹ ಸಣ್ಣ ಕಾರಿಗೆ ಇದರ ವಾರ್ಷಿಕ ಕಂತು, 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ, ತೆರಿಗೆ ಬಿಟ್ಟು 2,094 ರೂಪಾಯಿ. ದಿನಕ್ಕೆ ಆರು ರೂಪಾಯಿಯೂ ಆಗುವುದಿಲ್ಲ.

ಆರು ವರ್ಷಗಳಿಂದ ಇದನ್ನು ನನ್ನ ವಿಮೆ ಎಂದೇ ಕರೆಯುತ್ತ ಬಂದಿದ್ದೆ. ಆ ಗುರುವಾರ ಕಾರು ಇನ್ನೊಂದು ಅಡಿ ಎಡಕ್ಕೆ ಜಾರಿದ್ದರೆ ಅವನ ಮನೆಯವರಿಗೆ ನಾನು ಏನನ್ನು ಕೊಡಬಹುದಾಗಿತ್ತು? ಎರಡು ಕಪಾಟು ಪುಸ್ತಕಗಳು, ಒಂದು ಹಳೆಯ ಕಾರು, ತಿಂಗಳ ಭತ್ಯೆ.

ನನಗೆ ಗೊತ್ತಿಲ್ಲದ ಸಂಗತಿ ಇದಾಗಿರಲಿಲ್ಲ ಎಂಬುದೇ ಆ ರಾತ್ರಿ ನಿದ್ರೆಗೆಡಿಸಿತು. ನಾನಿದ್ದ ಇನ್ನೊಂದು ಧರ್ಮಕೇಂದ್ರದಲ್ಲಿ ವಿಧವೆಯೊಬ್ಬರಿದ್ದರು. ಗಾರೆ ಕೆಲಸದ ಅವರ ಗಂಡ ಸಂಜೆ ಮನೆಗೆ ನಡೆದು ಬರುವಾಗ ಪಿಕಪ್ ವಾಹನವೊಂದು ಬಡಿದು ತೀರಿಹೋದರು. ಆ ವಾಹನದ ವಿಮೆ ಮೂರು ವಾರಗಳ ಹಿಂದೆ ಮುಗಿದಿತ್ತು. ಒಡೆಯ ಕೆಟ್ಟವನೇನಲ್ಲ, ಅವನ ತಾಯಿಗೆ ಕಾಯಿಲೆ, ಕೈಯಲ್ಲಿ ಹಣವಿರಲಿಲ್ಲ, ಮುಂದಿನ ತಿಂಗಳು ಕಟ್ಟೋಣವೆಂದುಕೊಂಡಿದ್ದ. ನ್ಯಾಯಾಧಿಕರಣ ಆ ತಾಯಿಯ ಪರವಾಗಿಯೇ ತೀರ್ಪು ಕೊಟ್ಟಿತು, ಮೊತ್ತವನ್ನೂ ಬರೆಯಿತು. ಒಡೆಯನ ಬಳಿ ಜಪ್ತಿ ಮಾಡುವಂಥದ್ದು ಆ ಪಿಕಪ್ಪಿನ ಹೊರತು ಬೇರೇನೂ ಇರಲಿಲ್ಲ. ಅದರ ಮೇಲೂ ಸಾಲವಿತ್ತು. ಆ ತೀರ್ಪಿನ ಪ್ರತಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಅವರು ಎಷ್ಟೋ ಸಲ ನನ್ನ ಬಳಿಗೆ ಬಂದಿದ್ದಾರೆ. ಅರ್ಜಿಗಳನ್ನು ಬರೆದುಕೊಟ್ಟವನು ನಾನೇ. ಆಗ ಆ ಒಡೆಯನ ಬಗ್ಗೆ ಕಠಿಣವಾಗಿ ಮಾತನಾಡಿದ್ದೂ ನೆನಪಿದೆ.

ಭಾನುವಾರ ಬೆಳಿಗ್ಗೆ ಉಪಕೇಂದ್ರದಲ್ಲಿ ಬಲಿಪೂಜೆಯಿತ್ತು. ಹನ್ನೊಂದು ಕಿಲೋಮೀಟರ್ ದೂರ. ಕಾರನ್ನು ಶೆಡ್ಡಿನಲ್ಲೇ ಬಿಟ್ಟು, ಉಪದೇಶಿಯವರ ನೆಂಟರ ಆಟೋ ಹಿಡಿದು, ಮುಕ್ಕಾಲು ಗಂಟೆ ತಡವಾಗಿ ತಲುಪಿದೆ. ಕಾದು ಕುಳಿತಿದ್ದ ಜನರಿಗೆ ಕಾರಣ ಹೇಳಬೇಕಾಯಿತು. ಆಟೋದ ವಿಮೆಯನ್ನು ಹತ್ತುವ ಮುಂಚೆ ಕೇಳಿದಿರಾ ಎಂದು ಯಾರೋ ಹಿಂದಿನಿಂದ ಕೇಳಿದರು, ಎಲ್ಲರೂ ನಕ್ಕರು. ಕೇಳಿರಲಿಲ್ಲ. ಹಿಂದಿರುಗುವಾಗ ಕೇಳಿದೆ, ಇತ್ತು. ಆದರೆ ಪೂಜೆ ಮುಗಿದ ಮೇಲೆ ಇಬ್ಬರು ಮೆಲ್ಲನೆ ಗುರುಗಳ ಕೋಣೆಗೆ ಬಂದರು. ಒಬ್ಬನ ಬೈಕಿಗೆ ಎರಡು ವರ್ಷಗಳಿಂದ ವಿಮೆಯಿರಲಿಲ್ಲ. ಇನ್ನೊಬ್ಬನದು ತೋಟದ ಕೆಲಸದವರನ್ನು ಹೊತ್ತೊಯ್ಯುವ ಜೀಪು. ದಿನವೂ ಹದಿನಾಲ್ಕು ಮಂದಿ ಅದರಲ್ಲಿ ಕೂರುತ್ತಾರೆ. ಎಷ್ಟು ಕಾಲದಿಂದ ಇಲ್ಲವೆಂದು ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಣದ ಕೊರತೆಯೆಂದ. ಧರ್ಮಕೇಂದ್ರದ ಸಹಾಯನಿಧಿಯಿಂದ ಸಾಲವಾಗಿ ಒಂದಿಷ್ಟು ಕೊಡಿಸಿದೆ. ನಿಧಿ ಅದಕ್ಕಾಗಿ ಇರುವುದಲ್ಲವೆಂದು ಸಮಿತಿಯ ಹಿರಿಯರೊಬ್ಬರು ಆಕ್ಷೇಪಿಸಿದರು. ಅವರೊಡನೆ ನನ್ನ ವಾದ ಇನ್ನೂ ಮುಗಿದಿಲ್ಲ.

ಸೋಮವಾರ ಸಂಪರ್ಕ ಮರಳಿತು. ಹಳೆಯ ಏಜೆಂಟರಿಗೆ ಕರೆ ಮಾಡಿದೆ. ವಿಮೆ ನಡುವೆ ಕಡಿದುಹೋದರೆ ಸ್ವಂತ ಹಾನಿಯ ರಕ್ಷಣೆ ಕೊಡುವ ಮೊದಲು ವಾಹನದ ತಪಾಸಣೆ ಆಗಬೇಕು. ಈಗ ಅದನ್ನು ಮೊಬೈಲ್ ವಿಡಿಯೋ ಮೂಲಕವೇ ಮಾಡುತ್ತಾರೆ, ಹಳೆಯ ಗಾಯಗಳನ್ನು ಗುರುತು ಹಾಕಿಕೊಳ್ಳುತ್ತಾರೆ ಎಂದರು. ಬಂಪರಿನ ವಿಷಯ ಹೇಳಿದೆ. ರಿಪೇರಿಗೆ 6,400 ರೂಪಾಯಿ ಎಂದು ಗ್ಯಾರೇಜಿನವನು ಅಂದಾಜು ಕೊಟ್ಟಿದ್ದ. ತುಸು ಹೊತ್ತು ಸುಮ್ಮನಿದ್ದ ಅವರು, "ಫಾದರ್, ವಿಡಿಯೋದಲ್ಲಿ ಆ ಮೂಲೆಯನ್ನು ಬೇಗ ಸರಿಸಿಬಿಡಿ. ಹದಿನೈದು ದಿನ ಬಿಟ್ಟು ಗೇಟಿಗೆ ತಗಲಿತೆಂದು ಬರೆಯೋಣ" ಎಂದರು. ನನ್ನ ಮೇಲಿನ ಪ್ರೀತಿಯಿಂದಲೇ ಹೇಳಿದ ಮಾತದು. ನಾನು ತಕ್ಷಣ ಬೇಡವೆನ್ನಲಿಲ್ಲ. ಪರಿಹಾರ ಕೇಳಿದರೆ ನನ್ನ ಶೇಕಡಾ 50ರ ಬೋನಸ್ ಏನಾಗುತ್ತದೆಂದು ವಿಚಾರಿಸಿದೆ. ಮುಂದಿನ ವರ್ಷ ಹೋಗುತ್ತದೆ ಎಂದರು. ಆಮೇಲೆ ಬೇಡವೆಂದೆ. ಬೇಡವೆನ್ನಿಸಿದ್ದು ಆತ್ಮಸಾಕ್ಷಿಯೋ ಆ ಐವತ್ತು ಶೇಕಡಾವೋ ಎಂದು ಈಗಲೂ ನಾನು ಆಣೆಯಿಟ್ಟು ಹೇಳಲಾರೆ.

ಮಧ್ಯಾಹ್ನ ಜಗಲಿಯ ಯುವಕನೊಬ್ಬ ಮೊಬೈಲ್ ಹಿಡಿದು ಕಾರಿನ ಸುತ್ತ ನಡೆದ. ಎಡಮೂಲೆಯಲ್ಲಿ ನಿಲ್ಲಲು ಹೇಳಿದೆ. ಆ ಬಂಪರಿಗೆ ರಕ್ಷಣೆಯಿಲ್ಲವೆಂದು ಬರೆದು ಹೊಸ ವಿಮಾ ಪತ್ರ ಬಂತು: 2023ರ ಜುಲೈ 17, ಸಂಜೆ 4 ಗಂಟೆ 12 ನಿಮಿಷದಿಂದ. ಐದು ದಿನ, ಹದಿನಾರು ಗಂಟೆ, ಹನ್ನೆರಡು ನಿಮಿಷಗಳು ನಡುವೆ ಉಳಿದಿದ್ದವು.

ಒಂದು ಮಾತು ಬಿಟ್ಟುಹೋಯಿತು. 2018ರ ಸೆಪ್ಟೆಂಬರ್ 1ರಿಂದ ಮಾರಾಟವಾದ ಹೊಸ ಕಾರುಗಳಿಗೆ ಮೂರು ವರ್ಷ, ದ್ವಿಚಕ್ರ ವಾಹನಗಳಿಗೆ ಐದು ವರ್ಷದ ಮೂರನೆಯ ವ್ಯಕ್ತಿಯ ವಿಮೆಯನ್ನು ಒಮ್ಮೆಲೇ ಮಾಡಿಸಬೇಕೆಂಬ ನಿಯಮ ಬಂದಿದೆ. ಅಂತಹ ವಾಹನವುಳ್ಳವರು ಆ ದೀರ್ಘ ಅವಧಿ ಮುಗಿಯುವ ವರ್ಷವನ್ನೇ ಮರೆತಿರುತ್ತಾರೆ. ಪತ್ರದಲ್ಲಿ ಎರಡು ದಿನಾಂಕಗಳಿರುತ್ತವೆ, ಎರಡನ್ನೂ ನೋಡಿ.

ಆ ವೃದ್ಧರು ಚೇತರಿಸಿಕೊಂಡು ಮನೆಗೆ ಬಂದರು. ಬಂಪರನ್ನು ನಾನು ರಿಪೇರಿ ಮಾಡಿಸಲಿಲ್ಲ. ಮಂಗಳೂರಿಗೆ ಹೋಗಿಬರುವಾಗಲೆಲ್ಲ ಆ ಕಲ್ಲಿನ ಬಳಿ ಕಾರನ್ನು ನಿಧಾನ ಮಾಡಿ, ಅಂಚಿನಲ್ಲಿ ನಡೆಯುವವರನ್ನು ನೋಡುತ್ತೇನೆ. ಅವನು ಮತ್ತೆ ಸಿಕ್ಕಿಲ್ಲ. ಅಂದು ಅವನ ಹೆಸರನ್ನು ನಾನು ಕೇಳಿರಲಿಲ್ಲ.