ಅತ್ತೆಗೆ ಮೀಸೆ ಬಂದರೆ

ಪಕ್ಕದ ಮನೆಯ ಪಿಯುಸಿ ಹುಡುಗಿ ಮೊನ್ನೆ ತನ್ನ ಇಂಗ್ಲಿಷ್ ನೋಟ್‌ಬುಕ್ ಹಿಡಿದುಕೊಂಡು ಬಂದಳು. ‘ಇಫ್’ ಬಳಸಿ ಸ್ವಂತ ವಾಕ್ಯ ಬರೆಯಿರಿ ಎಂದು ಕೊಟ್ಟಿದ್ದರಂತೆ. ಅವಳು ಬರೆದಿದ್ದಳು: ‘ಇಫ್ ಐ ಹ್ಯಾಡ್ ಲರ್ನ್ಟ್ ಟು ಸ್ವಿಮ್, ಐ ವುಡ್ ನಾಟ್ ಬಿ ಅಫ್ರೇಡ್ ಆಫ್ ದ ರಿವರ್.’ ‘ವುಡ್ ನಾಟ್ ಬಿ’ ಮೇಲೆ ಕೆಂಪು ಗೀಟು ಎಳೆದು, ‘ವುಡ್ ನಾಟ್ ಹ್ಯಾವ್ ಬೀನ್’ ಎಂದು ತಿದ್ದಿ, ಪಕ್ಕದಲ್ಲಿ ‘ಥರ್ಡ್ ಕಂಡೀಷನಲ್!’ ಎಂದು ಷರಾ ಬರೆದಿದ್ದರು.

“ಸರ್, ನನಗೆ ಹೊಳೆ ಅಂದ್ರೆ ಇವತ್ತಿಗೂ ಭಯ ಅಲ್ವಾ?” ಎಂದು ಕೇಳಿದಳು.

ಎಷ್ಟು ಸರಿಯಾದ ಪ್ರಶ್ನೆ! ಈಜು ಕಲಿಯದೆ ಬಿಟ್ಟದ್ದು ಆಗ, ಹೆದರುತ್ತಿರುವುದು ಈಗ. ಒಂದೇ ವಾಕ್ಯದಲ್ಲಿ ಎರಡು ಕಾಲವನ್ನೂ ಹಿಡಿದಿಟ್ಟಿದ್ದಾಳೆ. ಇಂಥದನ್ನು ಮಿಕ್ಸ್ಡ್ ಕಂಡೀಷನಲ್ ಎನ್ನುತ್ತಾರೆ. ಇಂಗ್ಲಿಷಿನ ಷರತ್ತಿನ ವಾಕ್ಯಗಳಲ್ಲೆಲ್ಲ ನನಗೆ ತೀರಾ ಇಷ್ಟವಾದದ್ದು ಇದು. ತಿದ್ದಿದವರು ಅವಳ ಇವತ್ತಿನ ಭಯವನ್ನು ಎತ್ತಿ ಎಂದೋ ಮುಗಿದುಹೋದ ಸಂಗತಿಗಳ ಜೊತೆ ಸೇರಿಸಿಬಿಟ್ಟರು.

ಈ ವಾಕ್ಯಜಾತಿಯ ಮೇಲೆ ನನಗೆ ಬಹಳ ಕಾಲದ ಮೋಹ. ಕೆಲವರು ಬಸ್ಸಿನಲ್ಲಿ ಪದಬಂಧ ತುಂಬುತ್ತಾರೆ. ನಾನು ಕಿವಿಗೆ ಬಿದ್ದ ಮಾತನ್ನು ಇಫ್‌ಗೆ ಒಗ್ಗಿಸುತ್ತಾ ಕೂರುತ್ತೇನೆ. ಕಂಡಕ್ಟರ್ “ಚಿಲ್ಲರೆ ಕೊಟ್ರೆ ಟಿಕೆಟ್” ಅಂದರೆ ಸಾಕು. ಮೊದಲು ‘ಇಫ್ ಯು ಗಿವ್’, ಆಮೇಲೆ ‘ಇಫ್ ಯು ಗೇವ್’, ಕೊನೆಗೆ ‘ಇಫ್ ಯು ಹ್ಯಾಡ್ ಗಿವನ್’. ಗಿವ್ ಎಂದಾಗ ಪ್ರಯಾಣಿಕನ ಕೈ ಜೇಬಿನೊಳಗೆ ಹೋಗಿದೆ. ಗೇವ್ ಎಂದಾಗ ಈ ಆಸಾಮಿ ಕೊಡುವವನಲ್ಲ ಎಂಬುದು ಕಂಡಕ್ಟರಿಗೆ ಹೆಚ್ಚುಕಮ್ಮಿ ಖಾತ್ರಿಯಾಗಿದೆ. ಹ್ಯಾಡ್ ಗಿವನ್ ಎಂದಾಗ ಅವನನ್ನು ಇಳಿಸಿದ ಬಸ್ಸು ಮುಂದಿನ ಸ್ಟಾಪನ್ನೂ ದಾಟಿಯಾಗಿದೆ. ಕ್ರಿಯಾಪದ ಒಂದೊಂದು ಹೆಜ್ಜೆ ಹಿಂದಕ್ಕೆ ಸರಿದಂತೆಲ್ಲ ಚಿಲ್ಲರೆಯ ಆಸೆಯೂ ಅಷ್ಟಷ್ಟು ದೂರವಾಗುತ್ತದೆ. ನಾನು ಯಾರಿಗೆ ಹೇಳಿಕೊಟ್ಟರೂ ಶುರು ಮಾಡುವುದು ಇಲ್ಲಿಂದಲೇ.

ನನ್ನ ಜಗಳ ಏನಿದ್ದರೂ ಜೀರೊ, ಫಸ್ಟ್, ಸೆಕೆಂಡ್, ಥರ್ಡ್ ಎಂದು ನಂಬರು ಹಚ್ಚಿ ಅಷ್ಟಕ್ಕೇ ಕೈತೊಳೆದುಕೊಳ್ಳುವವರ ಜೊತೆ. ನಂಬರು ಕಲಿತ ಮಕ್ಕಳು ವಾಕ್ಯದ ಅರ್ಥಕ್ಕೆ ಮೊದಲು ಅದರ ನಂಬರನ್ನು ಹುಡುಕುತ್ತಾರೆ. ಉದಾಹರಣೆಯೂ ತಲೆಮಾರುಗಳಿಂದ ಅದೇ ‘ಇಫ್ ಐ ವರ್ ಎ ಬರ್ಡ್’. ಹಕ್ಕಿಯಾಗುವ ಆಸೆಯೇ ಇಲ್ಲದ ಮಕ್ಕಳ ಬಾಯಲ್ಲೂ ಅದನ್ನೇ ಹೇಳಿಸುತ್ತೇವೆ. ನಮ್ಮಲ್ಲಿ ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಎನ್ನುವ ಗಾದೆಯಿದೆಯಲ್ಲ, ಅದನ್ನು ಬೋರ್ಡಿನ ಮೇಲೆ ಬರೆದು ಇಂಗ್ಲಿಷಿಗೆ ತನ್ನಿ ಅನ್ನಿ. ‘ಗ್ರೋಸ್’ ಎಂದ ಹುಡುಗನಿಗೆ ಮಿಕ್ಕವರೇ ನಕ್ಕು “ಹಂಗಂದ್ರೆ ನಿಜವಾಗ್ಲೂ ಬರುತ್ತೆ ಕಣೋ!” ಎಂದು ಹೇಳುತ್ತಾರೆ. ‘ಗ್ರ್ಯೂ’ ತಾನಾಗಿ ಬರುತ್ತದೆ. ಅದು ಎಷ್ಟನೇ ಕಂಡೀಷನಲ್ ಎಂದು ಆಮೇಲೆ ಹೇಳಿದರೂ ನಡೆಯುತ್ತದೆ, ಹೇಳದಿದ್ದರೂ ನಡೆಯುತ್ತದೆ.

ಕನ್ನಡದ ಮಕ್ಕಳಿಗೆ ಇದು ಕಷ್ಟವಾಗಲು ಕಾರಣವೇ ಇಲ್ಲ. ‘ನಾಳೆ ಮಳೆ ಬಂದರೆ’ ಎನ್ನುತ್ತೇವೆ. ಮಳೆ ನಾಳೆಯದು, ಆದರೆ ‘ಬಂದ’ ಭೂತಕಾಲದ ರೂಪ. ಹೋದರೆ, ತಿಂದರೆ, ಕೊಟ್ಟರೆ, ಎಲ್ಲವೂ ಹೀಗೆಯೇ. ನಾಳೆಯ ಮಾತಿಗೆ ನಿನ್ನೆಯ ರೂಪ ಬಳಸುವುದು ಇವರಿಗೆ ಹುಟ್ಟಿನಿಂದ ರೂಢಿ. ಹೀಗಿದ್ದೂ ‘ಇಫ್ ಇಟ್ ರೇನ್ಡ್ ಟುಮಾರೋ’ ಕಂಡರೆ ಬೆಚ್ಚುತ್ತಾರೆ. ಇಂಗ್ಲಿಷ್ ಕ್ಲಾಸಿನಲ್ಲಿ ಕನ್ನಡ ಆಡಿದರೆ ದಂಡ ಹಾಕುವವರು ಇರುವಾಗ ಇದನ್ನು ಅವರಿಗೆ ತೋರಿಸಿಕೊಡುವವರು ಯಾರು? ಮಕ್ಕಳ ನಾಲಿಗೆಯಲ್ಲೇ ಇರುವ ವ್ಯಾಕರಣವನ್ನು ಬಾಗಿಲಾಚೆ ನಿಲ್ಲಿಸಿ, ಅದನ್ನೇ ಗೈಡಿನಿಂದ ಬಾಯಿಪಾಠ ಮಾಡಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ಈ ವಿಷಯದಲ್ಲಿ ನನಗೆ ಸಹನೆ ಉಳಿದಿಲ್ಲ.

ಇಫ್ ಆದಮೇಲೆ ವಿಲ್ ಬರಕೂಡದು ಎನ್ನುವ ಕಾನೂನೂ ಅಷ್ಟೆ. ‘ಇಫ್ ಯು ವಿಲ್ ವೇಟ್ ಎ ಮಿನಿಟ್’ ಎನ್ನುವುದು ಶುದ್ಧವಾದ, ವಿನಯದ ಇಂಗ್ಲಿಷು. ಅಲ್ಲಿನ ವಿಲ್ ಭವಿಷ್ಯತ್ತಲ್ಲ, ಕೇಳುವವರ ಮನಸ್ಸು. ‘ಇಫ್ ಐ ವಾಸ್’ ಕಂಡ ಕೂಡಲೇ ಮೇಲೆ ಬೀಳುವವರಿಗೂ ಒಂದು ಮಾತು: ಮುದ್ರಿತ ಇಂಗ್ಲಿಷಿನಲ್ಲಿ ಅದು ಶತಮಾನಗಳಿಂದ ಇದೆ. ನಾನು ‘ವರ್’ ಪಕ್ಷದವನು, ರೆನ್ ಅಂಡ್ ಮಾರ್ಟಿನ್ ಓದಿ ಬೆಳೆದವನು. ಆದರೂ ‘ವಾಸ್’ ಬರೆದವರ ಅಂಕ ಕಳೆಯಲಾರೆ.

ಇಫ್ ಇಲ್ಲದೆಯೇ ಷರತ್ತು ಹಾಕುವ ವಾಕ್ಯಗಳ ರುಚಿ ಬೇರೆ. ಹ್ಯಾಡ್, ವರ್, ಶುಡ್ ಈ ಮೂರಕ್ಕೆ ಮಾತ್ರ ವಾಕ್ಯದ ತಲೆಗೆ ಬಂದು ನಿಂತು ಇಫ್ ಅನ್ನು ಓಡಿಸುವ ತಾಕತ್ತಿದೆ. ‘ಶುಡ್’ ಕಚೇರಿಯ ಪತ್ರಗಳಿಗೆ ಸೇರಿಹೋಯಿತು. ‘ಹ್ಯಾಡ್’ ಪತ್ತೇದಾರಿ ಕಾದಂಬರಿ ಹೊಕ್ಕಿತು. 1908ರಲ್ಲಿ ಮೇರಿ ರಾಬರ್ಟ್ಸ್ ರೈನ್‌ಹಾರ್ಟ್ ಬರೆದ ‘ದ ಸರ್ಕ್ಯುಲರ್ ಸ್ಟೇರ್‌ಕೇಸ್’ ಮಾದರಿಯ ಕಥೆಗಳಿಗೆ ‘ಹ್ಯಾಡ್ ಐ ಬಟ್ ನೋನ್’ ಎಂಬ ಹೆಸರೇ ಬಿತ್ತು. ಮುಂದಾಗಲಿದ್ದದ್ದು ಆಗಲೇ ಗೊತ್ತಿದ್ದಿದ್ದರೆ ಎಂದು ನಿರೂಪಕಿ ಪೇಚಾಡುತ್ತಲೇ ಕಥೆ ಹೇಳುವ ಶೈಲಿ ಅದು.

ಆದರೆ ಈ ವ್ಯಾಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ಆಟ ಆಡಿದವರು ವಿನ್‌ಸ್ಟನ್ ಚರ್ಚಿಲ್. ಜೆ.ಸಿ. ಸ್ಕ್ವೈರ್ 1931ರಲ್ಲಿ ‘ಇಫ್ ಇಟ್ ಹ್ಯಾಡ್ ಹ್ಯಾಪನ್ಡ್ ಅದರ್‌ವೈಸ್’ ಎಂಬ ಸಂಕಲನ ತಂದರು. ಚೆಸ್ಟರ್‌ಟನ್, ಬೆಲಾಕ್ ಮೊದಲಾದವರು ನಡೆಯದ ಚರಿತ್ರೆಯನ್ನು ನಡೆದಿದ್ದರೆ ಎಂದು ಬರೆದರು. ಚರ್ಚಿಲ್ ಇಟ್ಟ ಹೆಸರು ಮಾತ್ರ ‘ಇಫ್ ಲೀ ಹ್ಯಾಡ್ ನಾಟ್ ವನ್ ದ ಬ್ಯಾಟಲ್ ಆಫ್ ಗೆಟಿಸ್‌ಬರ್ಗ್’. ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣದ ಪಡೆ ನಡೆಸಿದ ಜನರಲ್ ಲೀ 1863ರ ಜುಲೈನಲ್ಲಿ ಗೆಟಿಸ್‌ಬರ್ಗಿನಲ್ಲಿ ಸೋತರು ಎಂದು ಲೋಕಕ್ಕೇ ಗೊತ್ತು. ಶೀರ್ಷಿಕೆ ಓದುವಾಗಲೇ ಕಾಲಡಿಯ ನೆಲ ಸರಿಯುತ್ತದೆ. ಬರೆಯುತ್ತಿರುವವನು ಲೀ ಗೆದ್ದ ಲೋಕದಲ್ಲಿ ಕೂತಿದ್ದಾನೆ, ಅಕಸ್ಮಾತ್ ಸೋತಿದ್ದರೆ ಏನಾಗುತ್ತಿತ್ತು ಎಂದು ಅಲ್ಲಿಂದ ಊಹಿಸುತ್ತಿದ್ದಾನೆ. ಅವನ ಲೋಕದಲ್ಲಿ ಗೆದ್ದ ಲೀ ಗುಲಾಮಗಿರಿ ಕೊನೆಗಾಣಿಸುತ್ತಾರೆ, ಇಂಗ್ಲಿಷ್ ಮಾತಾಡುವ ದೇಶಗಳು ಒಂದಾಗುತ್ತವೆ, 1914ರ ಮಹಾಯುದ್ಧ ತಪ್ಪುತ್ತದೆ. ಅವೆಲ್ಲ ಅಲ್ಲಿ ನಡೆದ ಸಂಗತಿಗಳು. ನಮ್ಮ ಪಾಲಿಗೆ ನಿಜವಾಗಿ ಬಂದ ಯುದ್ಧ ಅಲ್ಲಿ ಬರೀ ಊಹೆ. ಆ 1914ರಲ್ಲಿ ಬ್ರಿಟಿಷ್ ನೌಕಾಪಡೆಯ ಮಂತ್ರಿಯಾಗಿದ್ದವರೇ ಚರ್ಚಿಲ್. ಮುಂದೆ ಪಶ್ಚಿಮ ರಂಗದ ಕಂದಕದಲ್ಲೂ ಇದ್ದವರು. ಆ ಯುದ್ಧವನ್ನು ಅವರು ಆಗದೇ ಹೋದದ್ದರ ಕಡೆಗೆ ತಳ್ಳಿದ್ದನ್ನು ಓದುವಾಗ ನನಗೆ ವ್ಯಾಕರಣ ಮರೆತೇ ಹೋಗುತ್ತದೆ.

ಈ ಲೇಖನದ ನಾಲ್ಕು ಪುಟವನ್ನು ಪಿಯುಸಿ ಪಠ್ಯಕ್ಕೆ ಹಾಕಬೇಕು. ಯಾವ ವಾಕ್ಯ ಲೀ ಗೆದ್ದ ಲೋಕದ್ದು, ಯಾವುದು ನಮ್ಮದು ಎಂದು ಪೆನ್ಸಿಲ್ ಹಿಡಿದು ಮಕ್ಕಳೇ ಗುರುತು ಹಾಕಲಿ.