ಹೊರಟ ಮೇಲೆ ಟಿಕೆಟ್ಟು

ಚನ್ನಪಟ್ಟಣ, ರಾಮನಗರದವರಿಗೆ ರೈಲು ಅಂದರೆ ಹೋಗಿ ಹತ್ತುವ ಗಾಡಿ. ಬೆಂಗಳೂರಿಂದ ಹೊರಟ ಹಳಿ 1881ರಲ್ಲಿ ಚನ್ನಪಟ್ಟಣ ಮುಟ್ಟಿತು, ಮರುವರ್ಷ ಮೈಸೂರು ಸೇರಿತು. ಇವತ್ತಿಗೂ ಈ ದಾರಿಯ ಬಹಳ ಜನ ಕೌಂಟರಿನ ಕಿಂಡಿಗೆ ಕೈ ಹಾಕಿ, ‘ಎರಡು ಬೆಂಗ್ಳೂರು’ ಅಂದು ಟಿಕೆಟ್ ತಗೊಂಡೇ ಗಾಡಿ ಹತ್ತುವವರು. ದಿನಾ ಓಡಾಡುವವರ ಹತ್ತಿರ ಪಾಸ್ ಇರುತ್ತೆ. 200 ಕಿ.ಮೀ. ಒಳಗಿನ ಜನರಲ್ ಟಿಕೆಟ್ಟನ್ನು ನಾಳೆಗೆ ಬೇಕು ಅಂತ ಇವತ್ತೇ ತೆಗೆದಿಡಲೂ ಆಗದು. ಟಿಕೆಟ್ ತಗೊಂಡ ಮೂರು ಗಂಟೆಯೊಳಗೆ, ತಪ್ಪಿದರೆ ಹೋಗಬೇಕಾದ ಊರಿನ ಮುಂದಿನ ಮೊದಲ ಗಾಡಿಗೆ ಹೊರಡಲೇಬೇಕು.

ಕನಕಪುರ, ಮಾಗಡಿಗೆ ರೈಲೇ ಬಂದಿಲ್ಲ. ಹೆಜ್ಜಾಲದಿಂದ ಕನಕಪುರದ ಮೇಲೆ ಚಾಮರಾಜನಗರಕ್ಕೆ ಹಳಿ ಹಾಕುತ್ತಾರೆ ಎಂಬ ಮಾತನ್ನು ಕೇಳುತ್ತ ಒಂದು ತಲೆಮಾರೇ ಬೆಳೆದುಬಿಟ್ಟಿತು. ಅಲ್ಲಿ ಬಸ್ ಸ್ಟ್ಯಾಂಡಿಗೆ ಹೋಗಿ ನಿಲ್ಲುವುದು, ಹತ್ತಿದ ಮೇಲೆ ಕಂಡಕ್ಟರ್ ಹತ್ತಿರ ಟಿಕೆಟ್ ತಗೊಳ್ಳುವುದು, ಅಷ್ಟೇ.

ಇದನ್ನು ಯಾರಾದರೂ ಮುಂದಾಲೋಚನೆ ಇಲ್ಲದವರ ರೂಢಿ ಅಂದರೆ ನಾನು ಒಪ್ಪುವುದಿಲ್ಲ. ರೇಷ್ಮೆ ಬೆಳೆಯುವ ಮನೆಯನ್ನೇ ನೋಡಿ. ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಘಟ್ಟ, ದಾಟಿ ಎದ್ದ ಹುಳ ಒಂದು ವಾರ ಹಗಲೂ ರಾತ್ರಿ ಸೊಪ್ಪು ಮೇಯುತ್ತೆ. ಮಳೆ ಹಿಡಿದು ಥಂಡಿ ಆಯಿತೋ, ಒಂದೆರಡು ದಿನ ಹಿಂದೆ ಬೀಳುತ್ತೆ. ಹುಳ ಹಣ್ಣಾಗಬೇಕು, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು, ಗೂಡು ಬಿಡಿಸಿ ರಾಮನಗರದ ಮಾರ್ಕೆಟ್ಟಿಗೆ ಹಾಕಬೇಕು. ದುಡ್ಡು ಕೈಗೆ ಬಂದ ಮೇಲೆ ತಾನೇ ಊರು ಬಿಡುವುದು? ಅಂಥವರನ್ನು ಎರಡು ತಿಂಗಳು ಮುಂಚೆ ತಾರೀಕು ಕೇಳಿದರೆ ಏನು ಹೇಳಿಯಾರು!

ಆದರೂ ಕಾಶಿಗೋ ಮುಂಬೈಗೋ ಹೋಗುವಾಗ ನಾವೂ ರಿಸರ್ವೇಷನ್ ಮಾಡಿಸುತ್ತೇವೆ. 120 ದಿನ ಮುಂಚೆ ತೆರೆಯುತ್ತಿದ್ದ ಬುಕಿಂಗು 2024ರ ನವೆಂಬರ್‌ನಿಂದ 60 ದಿನಕ್ಕೆ ಇಳಿದಿದೆ. ಅದು ಸೀಟು ಸಿಗಲಿ ಅನ್ನುವ ಚಿಂತೆ, ರೇಟಿನ ಚಿಂತೆ ಅಲ್ಲ. ಶತಾಬ್ದಿ, ರಾಜಧಾನಿಯಂಥ ಕೆಲವು ಗಾಡಿ ಬಿಟ್ಟರೆ, ತತ್ಕಾಲ್‌ಗೆ ಹೋಗದಿದ್ದರೆ, ಮೊದಲ ದಿನ ಮಾಡಿಸಿದವರಿಗೂ ಕೊನೆಗೆ ಮಾಡಿಸಿದವರಿಗೂ ಸ್ಲೀಪರ್ ಚಾರ್ಜು ಒಂದೇ.

ಯುರೋಪಿನಲ್ಲಿ ಲೆಕ್ಕ ತಿರುಗಿಬಿಡುತ್ತೆ. ಮ್ಯೂನಿಕ್‌ನಲ್ಲಿ ಕೆಲಸದಲ್ಲಿರುವ ಮಗಳು ಕನಕಪುರದ ಅಪ್ಪನಿಗೆ ಫೋನ್ ಮಾಡಿ, ‘ಅಪ್ಪಾ, ಬರ್ಲಿನ್‌ಗೆ ಯಾವತ್ತು ಹೋಗೋದು ಅಂತ ಈಗ್ಲೇ ಹೇಳು, ತಡ ಆದ್ರೆ ರೇಟು ಏರುತ್ತೆ’ ಅನ್ನುತ್ತಾಳೆ. ಅಪ್ಪ, ‘ಮೊದ್ಲು ಅಲ್ಲಿಗೆ ಬತ್ತೀವಿ ಕಣವ್ವ, ಆಮೇಕೆ ನೋಡ್ಕಂಡ್ರಾಯ್ತು’ ಅನ್ನುತ್ತಾರೆ. ಇಬ್ಬರದೂ ಸರಿಯೇ. ಜರ್ಮನಿಯ ವೇಗದ ಗಾಡಿಗಳಲ್ಲಿ ಮುಂಚೆ ಕೊಂಡ ಅಗ್ಗದ ಟಿಕೆಟ್ಟಿಗೂ ಹೊರಡುವ ದಿನ ಕೊಂಡದ್ದಕ್ಕೂ ಎಷ್ಟೋ ಸಲ ದುಪ್ಪಟ್ಟಿಗಿಂತ ಹೆಚ್ಚಿನ ಅಂತರ. ಆದರೆ ಅಗ್ಗದ ಟಿಕೆಟ್ಟಿಗೆ ನಮೂದಿಸಿದ ಗಾಡಿಯನ್ನೇ ಹತ್ತಬೇಕು. ತಮಾಷೆ ಏನೆಂದರೆ, ಆ ಟಿಕೆಟ್ಟಿನಲ್ಲಿ ಸೀಟು ಸೇರಿರಲೇಬೇಕೆಂದಿಲ್ಲ. ಎರಡನೇ ದರ್ಜೆಯಲ್ಲಿ ಸೀಟು ಬೇಕೆಂದರೆ ಬೇರೆ ದುಡ್ಡು. ಫ್ರಾನ್ಸಿನ ವೇಗದ ಗಾಡಿ ಟಿಜಿವಿಯಲ್ಲಿ ಹಾಗಲ್ಲ, ಸೀಟು ಕಾಯ್ದಿರಿಸದೆ ಹತ್ತುವಂತೆಯೇ ಇಲ್ಲ.

ಹಾಗಂತ ಪ್ರವಾಸದ ಪ್ರತಿಯೊಂದು ದಿನಕ್ಕೂ ಇಲ್ಲಿಂದಲೇ ಟಿಕೆಟ್ ಮಾಡಿಸಿ ಹೊರಡುವುದು ನನಗೆ ಒಗ್ಗುವುದಿಲ್ಲ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದಲ್ಲಿ ‘ಬಯರ್ನ್ ಟಿಕೆಟ್’ ಅಂತ ಒಂದು ಇದೆ. ಐದು ಜನದವರೆಗೆ ಒಂದೇ ಟಿಕೆಟ್, ದಿನವಿಡೀ ಆ ರಾಜ್ಯದ ಲೋಕಲ್ ಗಾಡಿಗಳಲ್ಲಿ ಸುತ್ತಬಹುದು. ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರಿಂದ ಶುರು. ಆವತ್ತೇ ಸ್ಟೇಷನ್ನಿನ ಮಷಿನ್‌ನಲ್ಲಿ ತಗೊಂಡರೂ ರೇಟು ಅದೇ; ಟಿಕೆಟ್ ಮೇಲೆ ಹೆಸರು ಬರೆಯಬೇಕು ಅಷ್ಟೆ. ಇದರಲ್ಲಿ ಗಡಿಯಾಚೆಯ ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ವರೆಗೂ ಹೋಗಿಬರಬಹುದು. ನೆದರ್ಲೆಂಡ್ಸ್‌ನಲ್ಲಂತೂ 2023ರಿಂದ ದೇಶದ ಎಲ್ಲ ಕಡೆ ಬ್ಯಾಂಕ್ ಕಾರ್ಡನ್ನೇ ತಾಗಿಸಿ ಒಳಗೆ ಹೋಗಬಹುದು, ಇಳಿದಾಗ ಮತ್ತೆ ತಾಗಿಸಬೇಕು. ಜಪಾನಿನ ಬುಲೆಟ್ ರೈಲುಗಳಲ್ಲೂ ಬಹಳಷ್ಟಕ್ಕೆ ಕಾಯ್ದಿರಿಸದ ಬೋಗಿಗಳಿವೆ. ಹೋಗಿ ಹತ್ತುವವರನ್ನು ಇಷ್ಟು ಸಿರಿವಂತ ದೇಶಗಳೂ ಕೈಬಿಟ್ಟಿಲ್ಲ ಅನ್ನುವುದು ನನಗೆ ನಿಜಕ್ಕೂ ಖುಷಿಯ ಸಂಗತಿ. ರೈಲು ಇರಬೇಕಾದ್ದೇ ಹಾಗೆ. ತಾಯಿಗೆ ಹುಷಾರಿಲ್ಲ ಅಂತ ಸುದ್ದಿ ಬಂದ ದಿನ ಯಾರೂ ಎರಡು ತಿಂಗಳ ಹಿಂದಿನ ರೇಟು ಹುಡುಕುತ್ತ ಕೂರಲಾರರು.

ಆದ್ದರಿಂದ ನಮ್ಮ ಕಡೆಯಿಂದ ಮಕ್ಕಳ ಮನೆಗೆ ಹೊರಟವರಿಗೆ ನನ್ನ ಮಾತು ಇಷ್ಟೇ. ವಿಮಾನ ಇಳಿಯುವ ದಿನಕ್ಕೆ ಅಗ್ಗದ ರೈಲು ಟಿಕೆಟ್ ಮಾಡಿಸಲೇಬೇಡಿ. ವಿಮಾನವೇ ತಡವಾದರೆ ಆ ಟಿಕೆಟ್ಟಿಗೆ ಬೆಲೆಯಿಲ್ಲ. ಬರ್ಲಿನ್ ಟಿಕೆಟ್ಟನ್ನು ಮಗಳು ಬುಕ್ ಮಾಡಲಿ, ತಾರೀಕು ಕೊಟ್ಟುಬಿಡಿ. ಸಾಲ್ಜ್‌ಬರ್ಗ್‌ಗೆ ಹೋಗಬೇಕೋ ಬೇಡವೋ ಅನ್ನುವುದನ್ನು ಆವತ್ತು ಬೆಳಿಗ್ಗೆ ತಿಂಡಿ ತಿಂದು, ಬಿಸಿಲು ಬಂದಿದೆಯಾ ನೋಡಿ ತೀರ್ಮಾನಿಸಿ. ಗಡಿ ದಾಟುವುದರಿಂದ ಪಾಸ್‌ಪೋರ್ಟ್ ಮಾತ್ರ ಜೊತೆಗಿರಲಿ.